ಅಲರ್ಜಿಯ ಪೆನ್ ಕಂಪೆನಿಯೇ ವಾಪಸ್ ಕೇಳಿದರೆ ಏನು ಮಾಡಬೇಕು?

ಗಲ್ಫ್‌ನಿಂದಲೋ ಲಂಡನ್‌ನಿಂದಲೋ ರಜೆಗೆ ಊರಿಗೆ ಬರುವ ಕೆಲವು ಮಕ್ಕಳ ಬ್ಯಾಗ್‌ನಲ್ಲಿ ದಪ್ಪ ಮಾರ್ಕರ್ ಪೆನ್ನಿನಂತಹ ವಸ್ತು ಒಂದು ಇರುತ್ತದೆ. ನೋಡಿದವರು ಬರೆಯುವ ಪೆನ್ ಎಂದೇ ತಿಳಿಯುತ್ತಾರೆ. ಅದರೊಳಗೆ ಇರುವುದು ಅಡ್ರಿನಲಿನ್ ಎಂಬ ಮದ್ದು ಮತ್ತು ಒಂದು ಸೂಜಿ. ತೀವ್ರ ಅಲರ್ಜಿ ಆದಾಗ ತೊಡೆಗೆ ಒತ್ತಿ ಹಿಡಿದರೆ ಒಂದು ಸಲಕ್ಕೆ ಬೇಕಾದಷ್ಟು ಮದ್ದು ತಾನಾಗಿಯೇ ಒಳಗೆ ಹೋಗುತ್ತದೆ. ಶೇಂಗಾ, ಗೋಡಂಬಿ, ಸಿಗಡಿ, ಮೊಟ್ಟೆ, ಹಾಲು, ಜೇನುನೊಣದ ಕಡಿತ, ಇವುಗಳಲ್ಲಿ ಒಂದು ಆಗದ ಮಗು ಇರುವ ಮನೆಯಲ್ಲಿ ಉಮ್ಮನ ಧೈರ್ಯವೆಲ್ಲ ಈ ಪೆನ್ನಿನ ಮೇಲೆಯೇ ನಿಂತಿರುತ್ತದೆ.

ಆ ಪೆನ್ನೇ ಸರಿ ಇಲ್ಲ ಎಂದು ಕಂಪೆನಿ ವಾಪಸ್ ಕೇಳಿದರೆ? ಇದು ಸುಮ್ಮನೆ ಊಹಿಸಿದ ಪ್ರಶ್ನೆ ಅಲ್ಲ. 2015ರಿಂದ 2023ರ ನಡುವೆ ಅಮೆರಿಕ, ಕೆನಡಾ, ಬ್ರಿಟನ್‌ಗಳಲ್ಲಿ ಇದು ಒಂದಕ್ಕಿಂತ ಹೆಚ್ಚು ಸಲ ನಡೆದಿದೆ. ಇಂದು ನಮ್ಮ ಕುಟುಂಬಗಳ ಮಕ್ಕಳು ಆ ದೇಶಗಳಲ್ಲೂ ಇದ್ದಾರೆ, ಗಲ್ಫ್‌ನಲ್ಲಂತೂ ಹೇಳುವುದೇ ಬೇಡ. ಹಾಗಾಗಿ ಉತ್ತರ ನಮಗೂ ಗೊತ್ತಿರಬೇಕು. ಅದನ್ನು ಮೊದಲೇ ಹೇಳಿಬಿಡುತ್ತೇನೆ: ಹೊಸದು ಕೈಗೆ ಬರುವ ತನಕ ಹಳೆಯದನ್ನು ಕೈಬಿಡಬಾರದು.

ಮೂರು ಘಟನೆ, ಒಂದೇ ಸೂಚನೆ

ಅಮೆರಿಕದಲ್ಲಿ 'ಆವಿ-ಕ್ಯೂ' ಎಂಬ ಸಾಧನ 2013ರಲ್ಲಿ ಮಾರುಕಟ್ಟೆಗೆ ಬಂತು. ಅದನ್ನು ರೂಪಿಸಿದವರು ಎರಿಕ್ ಮತ್ತು ಇವಾನ್ ಎಡ್ವರ್ಡ್ಸ್ ಎಂಬ ಅವಳಿ ಸಹೋದರರು. ಇಬ್ಬರಿಗೂ ಸಣ್ಣದರಿಂದಲೇ ಆಹಾರದ ಅಲರ್ಜಿ. ಕಿಸೆಯಲ್ಲಿ ಹಿಡಿಯುವ ಚಪ್ಪಟೆ ಆಕಾರ, ಜತೆಗೆ ಹೇಗೆ ಬಳಸಬೇಕು ಎಂದು ಸಾಧನವೇ ಮಾತಾಡಿ ಹೇಳುತ್ತದೆ. ಜನರಿಗೆ ಇಷ್ಟವಾಯಿತು. ಆದರೆ 2015ರ ಅಕ್ಟೋಬರ್ 28ರಂದು ಸನೋಫಿ ಕಂಪೆನಿ ಅಷ್ಟನ್ನೂ ವಾಪಸ್ ಕರೆಸಿಕೊಂಡಿತು. ಸರಿಯಾದ ಪ್ರಮಾಣದಲ್ಲಿ ಮದ್ದು ಹೋಗದಿರಬಹುದು ಎಂಬ ಸಂಶಯ ಕಾರಣ. ಆ ಹೊತ್ತಿಗೆ ಅಮೆರಿಕ ಮತ್ತು ಕೆನಡಾದಿಂದ 26 ದೂರುಗಳು ಬಂದಿದ್ದವು. ಬೇರೆ ಪೆನ್ ಕೈಯಲ್ಲಿ ಇಲ್ಲದಿದ್ದರೆ ಮಾತ್ರ ಇದನ್ನು ಬಳಸಿ, ಕೂಡಲೇ ಆಂಬುಲೆನ್ಸ್ ಕರೆಯಿರಿ ಎಂದು ಕಂಪೆನಿ ಹೇಳಿತು. ಆ ಸಾಧನ ಅಮೆರಿಕದ ಮಾರುಕಟ್ಟೆಗೆ ಮರಳಿದ್ದು 2017ರ ಫೆಬ್ರವರಿಯಲ್ಲಿ, ಬೇರೆ ಕಂಪೆನಿಯ ಮೂಲಕ.

ಅದೇ 2017ರ ಮಾರ್ಚ್ 31ರಂದು 'ಎಪಿಪೆನ್' ಸರದಿ. ಇಲ್ಲಿ ಎಲ್ಲಾ ಪೆನ್ ಅಲ್ಲ, ಅಮೆರಿಕದಲ್ಲಿ 13 ಬ್ಯಾಚ್‌ಗಳನ್ನು ಮಾತ್ರ ಮೈಲಾನ್ ಕಂಪೆನಿ ವಾಪಸ್ ಕೇಳಿತು. ಒತ್ತಿದಾಗ ಕೆಲಸ ಮಾಡಲಿಲ್ಲ ಎಂಬ ಎರಡು ದೂರುಗಳು ಅಮೆರಿಕದ ಹೊರಗಿನಿಂದ ಬಂದಿದ್ದವು. ಬದಲಿ ಪೆನ್ ಕೈಗೆ ಬರುವವರೆಗೆ ಈಗಿರುವುದನ್ನೇ ಜತೆಯಲ್ಲಿಟ್ಟುಕೊಳ್ಳಿ, ಅಗತ್ಯ ಬಿದ್ದರೆ ಬಳಸಿ ಎಂದು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ತಿಳಿಸಿತು.

ಮೂರನೆಯದು ಬ್ರಿಟನ್‌ನದು. 2023ರ ಮೇ ತಿಂಗಳಲ್ಲಿ 'ಎಮೆರೇಡ್' ಎಂಬ ಪೆನ್ನಿನ 300 ಮತ್ತು 500 ಮೈಕ್ರೋಗ್ರಾಂ ಎರಡನ್ನೂ ರೋಗಿಗಳ ಕೈಯಿಂದಲೇ ಹಿಂಪಡೆಯಲಾಯಿತು. ಪರೀಕ್ಷೆಯಲ್ಲಿ ಕೆಲವು ಪೆನ್ ಮದ್ದು ಬಿಡಲಿಲ್ಲ, ಕೆಲವು ಹೊತ್ತಿಗೆ ಮೊದಲೇ ಬಿಟ್ಟುಬಿಟ್ಟವು. ಅಲ್ಲಿಯೂ ಹೇಳಿದ್ದು ಇದನ್ನೇ: ಮೊದಲು ಡಾಕ್ಟರರಿಂದ ಬೇರೆ ಬ್ರ್ಯಾಂಡಿನ ಎರಡು ಪೆನ್ ಬರೆಸಿಕೊಳ್ಳಿ, ಅವು ಸಿಕ್ಕಿದ ಮೇಲೆ ಹಳೆಯದನ್ನು ಫಾರ್ಮಸಿಗೆ ಕೊಡಿ.

ಹಳೆಯದನ್ನು ಯಾಕೆ ಇಟ್ಟುಕೊಳ್ಳಬೇಕು?

ಹಾಳಾದ ಸಾಮಾನು ಎಂದ ಮೇಲೆ ಬಿಸಾಡುವುದೇ ಒಳ್ಳೆಯದಲ್ವಾ ಎಂದು ಯಾರಿಗಾದರೂ ಅನ್ನಿಸುತ್ತದೆ. ಬೇರೆ ಮದ್ದಾದರೆ ಅದು ಸರಿ. ವಿಷ ಬೆರೆತ ಕೆಮ್ಮಿನ ಸಿರಪ್ ಎಂದು ಸುದ್ದಿ ಬಂದರೆ ಆ ಕ್ಷಣವೇ ನಿಲ್ಲಿಸಬೇಕು. ಈ ಪೆನ್ನಿನ ಲೆಕ್ಕ ಬೇರೆ. ಇಲ್ಲಿ ಸಂಶಯ ಇದ್ದದ್ದು ಪೆನ್ನಿನ ಯಂತ್ರದ ಬಗ್ಗೆ. ವಾಪಸ್ ಕೇಳಿದವುಗಳಲ್ಲಿ ಹೆಚ್ಚಿನವು ಸರಿಯಾಗಿಯೇ ಕೆಲಸ ಮಾಡುವಂಥವು; ಕೆಲವು ಕೈಕೊಡಬಹುದು, ಯಾವುದು ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ.

ಇನ್ನೊಂದು ಕಡೆ, ತೀವ್ರ ಅಲರ್ಜಿ ಯಾರನ್ನೂ ಕಾಯುವುದಿಲ್ಲ. ಡಾಕ್ಟರರು ಇದನ್ನು ಅನಾಫಿಲಾಕ್ಸಿಸ್ ಎನ್ನುತ್ತಾರೆ. ಮೈಯೆಲ್ಲ ಗಂದೆ ಏಳುತ್ತದೆ, ತುಟಿ ನಾಲಿಗೆ ಊದುತ್ತದೆ, ಗಂಟಲು ಕಟ್ಟುತ್ತದೆ, ಉಸಿರಿಗೆ ಕಷ್ಟ, ವಾಂತಿ, ಬಿಪಿ ಕುಸಿದು ತಲೆಸುತ್ತು. ಕೆಲವರಿಗೆ ಗಂದೆಯೇ ಇಲ್ಲದೆ ನೇರ ಉಸಿರು ಕಟ್ಟುವುದೂ ಉಂಟು. ಅಡ್ರಿನಲಿನ್ ರಕ್ತನಾಳವನ್ನು ಬಿಗಿ ಮಾಡಿ ಬಿಪಿ ಎತ್ತುತ್ತದೆ, ಉಸಿರಿನ ದಾರಿ ತೆರೆಯುತ್ತದೆ. ನಮ್ಮ ಮನೆಗಳಲ್ಲಿ ಇರುವ ಸೆಟ್ರಿಜಿನ್ ಮಾತ್ರೆಗೆ ತುರಿಕೆ ಕಮ್ಮಿ ಮಾಡುವಷ್ಟೇ ಶಕ್ತಿ. ಕಟ್ಟಿದ ಗಂಟಲನ್ನು ಅದು ಬಿಡಿಸುವುದಿಲ್ಲ. ಹಾಗಾಗಿ ಸಂಶಯದ ಪೆನ್ನಾದರೂ ಏನೂ ಇಲ್ಲದ ಖಾಲಿ ಕೈಗಿಂತ ಮೇಲು.

ಸುದ್ದಿ ಬಂದ ದಿನ

ಮೊದಲು ಪೆನ್ನಿನ ಮೇಲಿನ ಹೆಸರು, ಪ್ರಮಾಣ, ಬ್ಯಾಚ್ ನಂಬರ್, ಅವಧಿ ಮುಗಿಯುವ ತಿಂಗಳು, ಈ ನಾಲ್ಕನ್ನೂ ನೋಡಿ. ಬ್ಯಾಚ್ ನಂಬರನ್ನು ಕೆಲವು ಕಡೆ ಲಾಟ್ ನಂಬರ್ ಎಂದೂ ಬರೆದಿರುತ್ತಾರೆ. ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು, ಕಾರಿನಲ್ಲಿ ಒಂದು ಇಟ್ಟವರು ಎಲ್ಲವನ್ನೂ ನೋಡಬೇಕು. ಪೆಟ್ಟಿಗೆ ಬಿಸಾಡದೆ ಅದರ ಫೋಟೋ ತೆಗೆದು ಮೊಬೈಲ್‌ನಲ್ಲಿ ಇಟ್ಟುಕೊಂಡಿದ್ದರೆ ಈ ಕೆಲಸ ಎರಡು ನಿಮಿಷದ್ದು.

ಎರಡನೆಯದು, ವಾಟ್ಸ್ಆ್ಯಪ್‌ನಲ್ಲಿ ಬಂದ ಸಂದೇಶ ನಂಬಿ ಓಡಬೇಡಿ. ಒಂದು ದೇಶದ ಬ್ಯಾಚ್ ಇನ್ನೊಂದು ದೇಶದಲ್ಲಿ ಮಾರಾಟವೇ ಆಗಿರಲಿಕ್ಕಿಲ್ಲ. ನೀವಿರುವ ದೇಶದ ಆರೋಗ್ಯ ಇಲಾಖೆಯ ಪ್ರಕಟಣೆ ನೋಡಿ, ಪೆನ್ ತಗೊಂಡ ಫಾರ್ಮಸಿಗೆ ಫೋನ್ ಮಾಡಿ.

ಮೂರನೆಯದು, ಬಿಲ್ ಮತ್ತು ಡಾಕ್ಟರರ ಚೀಟಿ. ಆವಿ-ಕ್ಯೂ ವಾಪಸ್ ಕೇಳಿದಾಗ ಜನರು ಬೇರೆ ಪೆನ್ ತಗೊಳ್ಳಲು ಮಾಡಿದ ಖರ್ಚನ್ನು ಕಂಪೆನಿ ಭರಿಸಿತು, ಆದರೆ ದಾಖಲೆ ಬೇಕಿತ್ತು. ಎಪಿಪೆನ್‌ನ ಬದಲಿ ಉಚಿತವಾಗಿ ಸಿಕ್ಕಿತು. ಇದು ಸಣ್ಣ ದುಡ್ಡಿನ ಮಾತಲ್ಲ. ಅಮೆರಿಕದಲ್ಲಿ 2007ರಲ್ಲಿ ಸುಮಾರು 100 ಡಾಲರ್ ಇದ್ದ ಎರಡು ಎಪಿಪೆನ್‌ಗಳ ಪ್ಯಾಕ್ 2016ಕ್ಕೆ 600 ಡಾಲರ್ ದಾಟಿ ದೊಡ್ಡ ಗಲಾಟೆಯೇ ಆಗಿತ್ತು.

ನಾಲ್ಕನೆಯದು, ಬದಲಿ ಸಿಗುವುದು ತಡವಾಗಬಹುದು. ಒಂದು ಬ್ರ್ಯಾಂಡ್ ಅಂಗಡಿಯಿಂದ ಹೋದರೆ ಎಲ್ಲರೂ ಉಳಿದದ್ದರ ಮೇಲೆ ಬೀಳುತ್ತಾರೆ. 2018ರಲ್ಲಿ ಎಪಿಪೆನ್ ಕೊರತೆ ಎಷ್ಟಿತ್ತೆಂದರೆ, ಅಮೆರಿಕದ ಎಫ್‌ಡಿಎ ಕೆಲವು ಬ್ಯಾಚ್‌ಗಳ ಅವಧಿಯನ್ನೇ ನಾಲ್ಕು ತಿಂಗಳು ಮುಂದೆ ಹಾಕಿತು. ಹಾಗಾಗಿ ಇವತ್ತೇ ಹೊಸದಕ್ಕೆ ಬರೆಸಿ. ಬರುವವರೆಗೆ ಮಗುವಿನ ಊಟದಲ್ಲಿ ಇನ್ನೂ ಎಚ್ಚರ ಇರಲಿ, ಆಸ್ಪತ್ರೆ ದೂರ ಇರುವ ಕಡೆ ತಿರುಗಾಟ ಮುಂದೂಡಿ.

ಹೊಸ ಪೆನ್, ಹೊಸ ಪಾಠ

ಅನೇಕರು ಮರೆಯುವುದು ಇದನ್ನು. ಪೆನ್ ಬದಲಾದರೆ ಬಳಸುವ ರೀತಿಯೂ ಬದಲಾಗುತ್ತದೆ. ಎಪಿಪೆನ್‌ನಲ್ಲಿ ನೀಲಿ ಮುಚ್ಚಳ ತೆಗೆದು ಕಿತ್ತಳೆ ಬಣ್ಣದ ತುದಿಯನ್ನು ತೊಡೆಗೆ ಒತ್ತಿ 3 ಸೆಕೆಂಡ್ ಹಿಡಿಯಬೇಕು. ಬ್ರಿಟನ್‌ನಲ್ಲಿ ಸಿಗುವ ಜೆಕ್ಸ್ಟ್‌ನಲ್ಲಿ ಹಳದಿ ಮುಚ್ಚಳ ತೆಗೆದು ಕಪ್ಪು ತುದಿಯನ್ನು ಒತ್ತಿ 10 ಸೆಕೆಂಡ್. ಗಾಬರಿಯಲ್ಲಿ ಹಳೆಯ ಅಭ್ಯಾಸದಿಂದ ತಿರುಗಾಮುರುಗಾ ಹಿಡಿದರೆ ಸೂಜಿ ನಮ್ಮ ಹೆಬ್ಬೆರಳಿಗೇ ಚುಚ್ಚುತ್ತದೆ, ಮಗುವಿಗೆ ಮದ್ದು ಹೋಗುವುದಿಲ್ಲ.

ಅಭ್ಯಾಸಕ್ಕೆಂದೇ ಸೂಜಿ, ಮದ್ದು ಇಲ್ಲದ ಪೆನ್ ಸಿಗುತ್ತದೆ. ಕೇಳಿ ತಗೊಳ್ಳಿ. ಉಮ್ಮ ಒಬ್ಬರೇ ಕಲಿತರೆ ಸಾಲದು. ಬಾಪ, ಅಜ್ಜಿ, ದೊಡ್ಡ ಮಕ್ಕಳು ಎಲ್ಲರೂ ಒಂದೊಂದು ಸಲ ತೊಡೆಗೆ ಒತ್ತಿ ನೋಡಬೇಕು. ಶಾಲೆಯ ಟೀಚರಿಗೂ ಮದ್ರಸದ ಉಸ್ತಾದರಿಗೂ ಹಳೆಯ ಪೆನ್ ಹೋಗಿ ಹೊಸದು ಬಂದಿದೆ ಎಂದು ತೋರಿಸಿ ಹೇಳಿ. ಮಕ್ಕಳು ಬಿಸ್ಕತ್ತು, ಮಿಠಾಯಿ ಹಂಚಿ ತಿನ್ನುವುದನ್ನು ದಿನಾ ನೋಡುವವರು ನಾವು. ಮೌಲಿದ್‌ನ ಸಿಹಿಯಲ್ಲಿ ಗೋಡಂಬಿ ಉಂಟೋ ಇಲ್ಲವೋ ಎಂದು ಮಗು ಕೇಳುವುದಿಲ್ಲ. ನಮಗೆ ಗೊತ್ತಿದ್ದರೆ ನಾವು ಕೇಳುತ್ತೇವೆ.

ಊರಿಗೆ ಬರುವಾಗ

ಇಂತಹ ಪೆನ್ ನಮ್ಮ ದೇಶದಲ್ಲಿ ಸುಲಭವಾಗಿ ಸಿಗುವುದಿಲ್ಲ. ಅಲ್ಲೇ ವಾಪಸ್ ಕೊಟ್ಟು, ಮಂಗಳೂರಿನಲ್ಲಿ ತಗೊಂಡರಾಯಿತು ಎಂದು ವಿಮಾನ ಹತ್ತಬೇಡಿ. ಎರಡು ಪೆನ್ ಜತೆಯಲ್ಲಿರಲಿ, ಡಾಕ್ಟರರ ಪತ್ರದೊಂದಿಗೆ, ಕೈಚೀಲದಲ್ಲಿ. ದೊಡ್ಡ ಲಗೇಜಿನಲ್ಲಿ ಹಾಕಬೇಡಿ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲೂ ಬೇಡ, ಫ್ರಿಜ್ಜಿನಲ್ಲೂ ಬೇಡ.

ಅಡ್ರಿನಲಿನ್ ಮದ್ದು ಮಾತ್ರ ಇಲ್ಲಿ ಬೇಕಾದಷ್ಟು ಉಂಟು. ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲೇ ಇದೆ. ಅದು ಬರುವುದು 1 ಮಿಲಿ ಗಾಜಿನ ಆ್ಯಂಪೂಲ್‌ನಲ್ಲಿ, 1 ಮಿಲಿಗ್ರಾಂ ಮದ್ದು, ಬೆಲೆಯೂ ಕಮ್ಮಿ. ಪೆನ್ ಇಲ್ಲದ ಮನೆಯವರಿಗೆ ಕೆಲವು ಡಾಕ್ಟರರು ಆ್ಯಂಪೂಲ್, ಸಿರಿಂಜ್ ಕೊಟ್ಟು, ಎಷ್ಟು ಗೆರೆವರೆಗೆ ಎಳೆಯಬೇಕೆಂದು ಕಲಿಸುತ್ತಾರೆ. ಗಾಜು ಒಡೆದು, ಅಳತೆ ತಪ್ಪದೆ ಎಳೆಯಲು ಅಭ್ಯಾಸ ಬೇಕು. ಡಾಕ್ಟರರ ಎದುರಲ್ಲೇ ಕಲಿಯದೆ ಇದಕ್ಕೆ ಕೈಹಾಕಬಾರದು. ರಜೆಗೆ ಬಂದವರು ಮೊದಲ ವಾರವೇ ಹತ್ತಿರದ ಆಸ್ಪತ್ರೆಯಲ್ಲಿ ಮಗುವಿನ ವಿಷಯ ಹೇಳಿಟ್ಟರೆ ಒಳ್ಳೆಯದು.

ಆ ಹೊತ್ತಿನಲ್ಲಿ

ಮೊದಲು ಇಂಜೆಕ್ಷನ್, ಆಮೇಲೆ ಫೋನ್. ತೊಡೆಯ ಹೊರಬದಿಯ ನಡುಭಾಗಕ್ಕೆ ಚುಚ್ಚಬೇಕು, ಬಟ್ಟೆಯ ಮೇಲಿನಿಂದಲೂ ಆಗುತ್ತದೆ. ಪೆನ್ ಕೆಲಸ ಮಾಡಲಿಲ್ಲ ಎಂದಾದರೆ ಅದರೊಂದಿಗೆ ಹೊಡೆದಾಡುತ್ತಾ ಕೂರದೆ ಎರಡನೆಯದನ್ನು ತೆಗೆಯಿರಿ. ಎರಡು ಇರಬೇಕು ಎನ್ನುವುದು ಇದಕ್ಕೇ. ಊರಿನಲ್ಲಾದರೆ 108, ಯುಎಇಯಲ್ಲಿ 998, ಸೌದಿಯಲ್ಲಿ 997, ಬ್ರಿಟನ್‌ನಲ್ಲಿ 999. ಮಗುವನ್ನು ಮಲಗಿಸಿ ಕಾಲು ಎತ್ತರಕ್ಕೆ ಇಡಿ. ಉಸಿರಿಗೆ ಕಷ್ಟವಾದರೆ ಕೂರಿಸಿ, ನಡೆಸಬೇಡಿ. 5 ನಿಮಿಷದಲ್ಲಿ ಸುಧಾರಿಸದಿದ್ದರೆ ಇನ್ನೊಂದು ಕೊಡಿ. ಸುಧಾರಿಸಿದರೂ ಆಸ್ಪತ್ರೆಗೆ ಹೋಗಲೇಬೇಕು, ಕೆಲವು ಗಂಟೆ ಬಿಟ್ಟು ಮತ್ತೆ ಕೆರಳುವುದುಂಟು. ರಮಳಾನಿನ ಉಪವಾಸ ಇದ್ದರೂ ಹಿಂದೆಮುಂದೆ ನೋಡಬೇಡಿ. ರೋಗಿಗೆ ಉಪವಾಸ ಬಿಡಲು ರಿಯಾಯಿತಿ ಇದ್ದೇ ಇದೆ.

ಅಲರ್ಜಿ ಇರುವ ಮಗು ನಿಮ್ಮ ಮನೆಯಲ್ಲೋ ನೆಂಟರಲ್ಲೋ ಇದ್ದರೆ ಈ ವಾರ ಒಂದು ಕೆಲಸ ಮಾಡಿ. ಪೆನ್ ಹೊರತೆಗೆದು ಅವಧಿ ನೋಡಿ, ಕಿಟಕಿಯಂತಹ ಜಾಗದಲ್ಲಿ ಮದ್ದಿನ ಬಣ್ಣ ತಿಳಿಯಾಗಿದೆಯೇ ನೋಡಿ, ಬ್ಯಾಚ್ ನಂಬರಿನ ಫೋಟೋ ತೆಗೆದು ಮನೆಯ ಎಲ್ಲರಿಗೂ ಕಳಿಸಿ. ವಾಪಸ್ ಕೇಳುವ ಸುದ್ದಿ ಬಂದ ದಿನ ಹುಡುಕುತ್ತಾ ಕೂರುವ ಅಗತ್ಯ ಬರುವುದಿಲ್ಲ.