ಹಳೇ ಟಿಟಿ, ಸ್ಕೂಲ್ ಬಸ್ಸನ್ನ ಮನೆ ಮಾಡ್ಕೋಬೇಕು ಅಂತಿದೀರಾ? ಅಡ್ವಾನ್ಸ್ ಕೊಡೋ ಮುಂಚೆ ಇದನ್ನ ಓದಿ

ಉಬ್ರಾಣಿ: ಅಡಿಕೆಗೆ ಒಳ್ಳೆ ರೇಟು ಸಿಕ್ಕ ವರ್ಷ ನಮ್ಮ ಹೋಬಳಿಯಲ್ಲಿ ಮನೆ ಮುಂದೆ ಹೊಸ ಗಾಡಿ ಬಂದು ನಿಲ್ಲೋದು ಮಾಮೂಲು. ಈಚೆಗೆ ಕೆಲವರು ಬೇರೆ ಲೆಕ್ಕ ಹಾಕ್ತಿದ್ದಾರೆ. ಹಳೇ ಮಿನಿ ಬಸ್ಸು ಒಂದನ್ನ ತಗೊಂಡು, ಸೀಟು ಕಿತ್ತು, ಮಂಚ, ಅಡುಗೆ ಕಟ್ಟೆ, ಸಣ್ಣ ಟಾಯ್ಲೆಟ್ ಹಾಕಿಸಿದರೆ ಮನೆಮಂದಿಯೆಲ್ಲ ಧರ್ಮಸ್ಥಳ, ಮಂತ್ರಾಲಯ, ಶಬರಿಮಲೆ ಅಂತ ಲಾಡ್ಜ್ ಖರ್ಚಿಲ್ಲದೆ ತಿರುಗಬಹುದು ಅನ್ನೋದು ಒಂದು. ಕೊಟ್ಟೂರು, ಉಚ್ಚಂಗಿದುರ್ಗ, ಶಿರಸಿ ಅಂತ ಜಾತ್ರೆ ಜಾತ್ರೆ ಅಂಗಡಿ ಹಾಕೋರು ಟಾರ್ಪಾಲ್ ಕೆಳಗೆ ಮಲಗೋದು ತಪ್ಪುತ್ತೆ ಅನ್ನೋದು ಇನ್ನೊಂದು. ಸಿನಿಮಾದವರ ಕ್ಯಾರವಾನ್ ನೋಡಿ ನೋಡಿ ಆಸೆ ಆಗಿರೋದೂ ಸುಳ್ಳಲ್ಲ.

ಆಸೆ ತಪ್ಪಲ್ಲ. ಆದರೆ ಮೊಬೈಲಲ್ಲಿ ಬರೋ ವಿಡಿಯೋಗಳಲ್ಲಿ ಮಂಚ, ಲೈಟು, ಪರದೆ ಇಷ್ಟೇ ತೋರಿಸ್ತಾರೆ. ಆರ್‌ಸಿ ಬಗ್ಗೆ, ಇನ್ಶೂರೆನ್ಸ್ ಬಗ್ಗೆ, ರಾತ್ರಿ ಒಳಗೆ ಮಲಗಿದಾಗ ಉಸಿರಾಡೋ ಗಾಳಿ ಬಗ್ಗೆ ಯಾರೂ ಮಾತಾಡಲ್ಲ. ಹಣ ಕಳೆಯೋದು ಮೊದಲೆರಡರಲ್ಲಿ. ಜೀವ ಹೋಗೋದು ಮೂರನೇದರಲ್ಲಿ.

ಯಾವ ಗಾಡಿ?

ನಮ್ಮ ಕಡೆ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗೋದು ಹೆಚ್ಚಾಗಿ ಎರಡು ಥರ. ಒಂದು ಟೆಂಪೋ ಟ್ರಾವೆಲರ್, ಅಂದ್ರೆ ಟಿಟಿ. ಬಜಾಜ್ ಟೆಂಪೋ ಅಂತಿದ್ದ ಕಂಪನಿ 2005ರಲ್ಲಿ ಫೋರ್ಸ್ ಮೋಟಾರ್ಸ್ ಅಂತ ಹೆಸರು ಬದಲಿಸಿಕೊಂಡರೂ ಜನರ ಬಾಯಲ್ಲಿ ಟೆಂಪೋ ಹೋಗಿಲ್ಲ. ಅದರ 2.6 ಲೀಟರ್ ಡೀಸೆಲ್ ಇಂಜಿನ್ ಮೂಲ ಮರ್ಸಿಡಿಸ್‌ದು. ಬಿಚ್ಚಿ ಕೂಡಿಸಿ ಗೊತ್ತಿರೋ ಮೆಕ್ಯಾನಿಕ್ ನಮ್ಮ ಸುತ್ತಮುತ್ತ ಸಿಗ್ತಾರೆ, ಪಾರ್ಟ್ಸಿಗೂ ಅಲೆಯೋ ಹಾಗಿಲ್ಲ. ಎರಡನೇದು ಸ್ಕೂಲ್ ಬಸ್. ಒಳಗೆ ತಲೆ ತಾಗದ ಎತ್ತರ, ಜಾಗ ಜಾಸ್ತಿ, ಕಿಲೋಮೀಟರ್ ಕಡಿಮೆ ಓಡಿರುತ್ತೆ. ಆದರೆ ಬೇಸಿಗೆ ರಜೆ ತುಂಬಾ ಬಿಸಿಲಲ್ಲಿ, ಮಳೆಗಾಲ ತುಂಬಾ ಬಯಲಲ್ಲಿ ನಿಂತಿರುತ್ತೆ. ಮೀಟರ್ ನೋಡಿ ಮರುಳಾಗಬೇಡಿ. ಕೆಳಗೆ ನುಗ್ಗಿ ಚಾಸಿ ನೋಡಿ, ಒಳಗಿನ ಮ್ಯಾಟ್ ಎತ್ತಿಸಿ ನೋಡಿ. ಸ್ಕ್ರೂಡ್ರೈವರ್ ಒತ್ತಿದರೆ ತಗಡು ಒಳಗೆ ಹೋಗುತ್ತೆ ಅಂದ್ರೆ ಆ ಗಾಡಿ ಬಿಟ್ಟುಬಿಡಿ, ಎಷ್ಟೇ ಕಡಿಮೆಗೆ ಕೊಡಲಿ. ಹಿಂದೆ ಜೋಡಿ ಚಕ್ರ ಇದ್ದರೆ ಸ್ಟೆಪ್ನಿ ಸೇರಿ ಏಳು ಟೈರಿನ ಲೆಕ್ಕ ಮೊದಲೇ ಹಾಕ್ಕೊಳ್ಳಿ.

ದೆಹಲಿ ಗಾಡಿ ಬಗ್ಗೆ ಒಂದು ಮಾತು. ಅಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗೆ ನಿರ್ಬಂಧ ಬಂದ ಮೇಲೆ ಕಡಿಮೆ ಬೆಲೆಗೆ ಹೊರ ರಾಜ್ಯಗಳಿಗೆ ಬರ್ತಿವೆ. ಬೆಲೆ ನೋಡಿದ್ರೆ ಖುಷಿ ಆಗುತ್ತೆ. ಆದ್ರೆ ಅಲ್ಲಿನ ಎನ್‌ಒಸಿ, ಅಂದ್ರೆ ಫಾರಂ 28, ಕೈಗೆ ಬರದೆ ಇಲ್ಲಿ ಏನೂ ಆಗಲ್ಲ. ಬಂದ ಮೇಲೂ ಇಲ್ಲಿನ ತೆರಿಗೆ ಹೊಸದಾಗಿ ಕಟ್ಟಬೇಕು. ಬೇರೆ ರಾಜ್ಯದ ನಂಬರಿನ ಗಾಡಿ 12 ತಿಂಗಳಿಗಿಂತ ಹೆಚ್ಚು ಇಲ್ಲೇ ಇಟ್ಕೊಂಡರೆ ಕೆಎ ನಂಬರ್ ಮಾಡಿಸಲೇಬೇಕು ಅನ್ನೋದು ಮೋಟಾರು ವಾಹನ ಕಾಯ್ದೆಯ 47ನೇ ಕಲಂ. ಈ ಎಲ್ಲ ಖರ್ಚು ಕೂಡಿಸಿದ ಮೇಲೂ ಅಗ್ಗ ಆದರೆ ಮಾತ್ರ ಅಗ್ಗ.

ಪೇಪರ್ ಕೆಲಸ, ಇಲ್ಲೇ ಜನ ಸಿಕ್ಕಿಬೀಳೋದು

ಗಾಡಿ ನಂಬರನ್ನ ಎಂಪರಿವಾಹನ್ ಆ್ಯಪಲ್ಲಿ ಹಾಕಿ. ಎಫ್‌ಸಿ ಯಾವಾಗ ಮುಗಿಯುತ್ತೆ, ಇನ್ಶೂರೆನ್ಸ್ ಇದೆಯಾ, ಸಾಲ ಬಾಕಿ ಇದೆಯಾ ಅನ್ನೋದನ್ನ ನೋಡ್ಕೊಳ್ಳಿ. ಚಲನ್ ಬಾಕಿ ಏನಾದ್ರೂ ಇದೆಯಾ ಅಂತಲೂ ನೋಡಿ. ಬ್ಯಾಂಕು, ಫೈನಾನ್ಸ್ ಹೆಸರು ಇನ್ನೂ ಆರ್‌ಸಿಯಲ್ಲಿ ಇದ್ದರೆ, ಅವರ ಎನ್‌ಒಸಿ ಮತ್ತೆ ಫಾರಂ 35 ಬರೋವರೆಗೆ ಪೂರ್ತಿ ದುಡ್ಡು ಕೊಡಬೇಡಿ. ಸ್ಕೂಲಿನದೋ ಟ್ರಾವೆಲ್ಸಿನದೋ ಆದರೆ ಪರ್ಮಿಟ್ ಸರೆಂಡರ್ ಆಗಿದೆಯಾ, ತೆರಿಗೆ ಎಲ್ಲಿವರೆಗೆ ಕಟ್ಟಿದ್ದಾರೆ ಕೇಳಿ. ಎಷ್ಟೋ ಗಾಡಿ ನಿಂತಲ್ಲೇ ನಿಂತಿದ್ರೂ ತೆರಿಗೆ ಮಾತ್ರ ಓಡ್ತಾ ಇರುತ್ತೆ.

ಹೆಸರು ಬದಲಾವಣೆಗೆ ಫಾರಂ 29, ಫಾರಂ 30. ಮಾರಿದವರು ಇದೇ ರಾಜ್ಯದೊಳಗಾದ್ರೆ 14 ದಿನದಲ್ಲಿ, ಹೊರ ರಾಜ್ಯಕ್ಕಾದ್ರೆ 45 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ಕೊಂಡವರಿಗೆ 30 ದಿನ. ನಮ್ಮಲ್ಲಿ ಸೈನ್ ಮಾಡಿದ ಖಾಲಿ ಫಾರಂ ಇಸ್ಕೊಂಡು ವರ್ಷಗಟ್ಟಲೆ ಓಡಿಸೋ ಅಭ್ಯಾಸ ಇದೆ. ಗಾಡಿ ಮಾರುವ ಅಂಗಡಿಯವರು, ಸ್ಕೂಲಿನವರು ಗಮನಿಸಿ. ಆರ್‌ಸಿಯಲ್ಲಿ ಯಾರ ಹೆಸರು ಇದೆಯೋ ಅಪಘಾತದ ಪರಿಹಾರಕ್ಕೆ ಅವರೇ ಮಾಲೀಕರು ಅಂತ ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲೇ ಹೇಳಿದೆ. ಆ ಕೇಸಿನಲ್ಲಿ ಗಾಡಿ ಒಬ್ಬರಿಂದ ಇನ್ನೊಬ್ಬರಿಗೆ, ಅವರಿಂದ ಮತ್ತೊಬ್ಬರಿಗೆ ಕೈ ಬದಲಾಗಿತ್ತು, ಹೊಣೆ ಬಂದಿದ್ದು ಮಾತ್ರ ಆರ್‌ಸಿಯಲ್ಲಿದ್ದ ಮೊದಲಿನವರ ತಲೆ ಮೇಲೆ.

ಇಷ್ಟು ಎಲ್ಲ ಸೆಕೆಂಡ್ ಹ್ಯಾಂಡ್ ಗಾಡಿಗೂ ಇರೋದೇ. ಮನೆ ಮಾಡೋ ಗಾಡಿಗೆ ಮೇಲಿಂದ ಇನ್ನೊಂದಿದೆ. ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಮಾಡಿಕೊಟ್ಟ ಗಾಡಿಯನ್ನ, ಆರ್‌ಸಿಯಲ್ಲಿ ಬರೆದಿರೋ ವಿವರಕ್ಕೆ ಬೇರೆ ಆಗೋ ಥರ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲಾ 6 ತಿಂಗಳವರೆಗೆ ಜೈಲು, ಇಲ್ಲಾ ಎರಡೂ. 'ಒಂದೊಂದು' ಅನ್ನೋ ಪದ ಗಮನಿಸಿ. ಸೀಟು ಕಿತ್ತಿದ್ದು ಒಂದು, ಮೇಲ್ಛಾವಣಿ ಎತ್ತರಿಸಿದ್ದು ಇನ್ನೊಂದು.

ಹಾಗಂತ ದಾರಿ ಇಲ್ಲ ಅಂತಲ್ಲ. ಕೇಂದ್ರದ ವಾಹನ ಪಟ್ಟಿಯಲ್ಲಿ ಕ್ಯಾಂಪರ್ ವ್ಯಾನ್ ಅನ್ನೋ ವರ್ಗ ಇದೆ. ಬಾಡಿಗೆಗೆ ಓಡಿಸೋದು ಬೇರೆ, ಸ್ವಂತ ಬಳಕೆಯದು ಬೇರೆ. ಮೋಟಾರ್ ಕ್ಯಾರವಾನ್‌ಗೆ ಎಐಎಸ್-124 ಅನ್ನೋ ಮಾನದಂಡವೂ ಇದೆ. ಹಾಗಾಗಿ ಕ್ರಮ ಹೀಗಿರಲಿ. ಮೊದಲು ಒಳಗಿನ ನಕ್ಷೆ, ಎಷ್ಟು ಸೀಟು ಉಳಿಸ್ತೀರಿ, ಎಷ್ಟು ಮಂಚ ಅನ್ನೋದನ್ನ ಹಾಳೆ ಮೇಲೆ ಹಾಕಿಸಿ. ಅದನ್ನ ಹಿಡ್ಕೊಂಡು ದಾವಣಗೆರೆ ಆರ್‌ಟಿಒ ಕಚೇರಿಗೆ ಹೋಗಿ, ಯಾವ ವರ್ಗಕ್ಕೆ ಬದಲಾಯಿಸಬಹುದು, ತೆರಿಗೆ ಎಷ್ಟಾಗುತ್ತೆ ಕೇಳಿ, ಅನುಮತಿಗೆ ಅರ್ಜಿ ಕೊಡಿ. ಅನುಮತಿ ಸಿಕ್ಕ ಮೇಲೆ ಬಡಗಿನ ಕರೀರಿ. ಕೆಲಸ ಮುಗಿದ 14 ದಿನದೊಳಗೆ ಆರ್‌ಸಿಯಲ್ಲಿ ಸೇರಿಸಿ. ಸ್ಕೂಲ್ ಬಸ್ಸಿನ ಹಳದಿ ಬಣ್ಣ ತೆಗೆದರೆ ಅದೂ ಆರ್‌ಸಿಗೆ ಏರಬೇಕು. ನಮ್ಮ ಜನ ಮಾಡೋದು ಉಲ್ಟಾ. ಮೊದಲು ಲಕ್ಷಗಟ್ಟಲೆ ಇಂಟೀರಿಯರ್, ಆಮೇಲೆ ಏಜೆಂಟ್ ಹಿಂದೆ ಓಡಾಟ. ಈಗಾಗಲೇ ಯಾರೋ ಮನೆ ಮಾಡಿರೋ ಗಾಡಿ ತಗೊಳ್ಳೋದಾದ್ರೆ ಒಂದೇ ಪ್ರಶ್ನೆ ಸಾಕು, "ಆರ್‌ಸಿಯಲ್ಲಿ ಕ್ಯಾಂಪರ್ ಅಂತ ಇದೆಯೇನ್ರಿ?" ಇಲ್ಲ ಅಂದ್ರೆ ನೀವು ಕೊಳ್ತಿರೋದು ಅವರ ತಲೆನೋವನ್ನ.

ಇದೆಲ್ಲ ಬರೀ ದಂಡದ ವಿಷಯ ಅಲ್ಲ. ಆರ್‌ಸಿಯಲ್ಲಿ ಬಸ್ಸು ಅಂತಿದ್ದು ಒಳಗೆ ಗ್ಯಾಸು, ಬ್ಯಾಟರಿ, ಮಂಚ ಇದ್ದ ಗಾಡಿಗೆ ಬೆಂಕಿ ಬಿದ್ದರೆ, ಇನ್ಶೂರೆನ್ಸ್‌ನವರು ಕ್ಲೇಮ್ ತಳ್ಳಿಹಾಕೋಕೆ ಅದೊಂದೇ ಕಾರಣ ಸಾಕು. ಬದಲಾವಣೆಯನ್ನ ಪಾಲಿಸಿಯಲ್ಲೂ ಬರೆಸಿ, ಲಿಖಿತದಲ್ಲಿ ಇಟ್ಕೊಳ್ಳಿ.

ಎಫ್‌ಸಿ ಲೆಕ್ಕ ಸರಳ. ಹಳದಿ ಬೋರ್ಡಿನ ಗಾಡಿ 8 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಬಿಳಿ ಬೋರ್ಡಿಗೆ 15 ವರ್ಷ ಆದ ಮೇಲೆ ಐದೈದು ವರ್ಷಕ್ಕೆ ನವೀಕರಣ. ಸ್ವಂತಕ್ಕೆ ಅಂತ ಬಿಳಿ ಬೋರ್ಡ್ ಮಾಡಿಸಿ, ಸೀಸನ್‌ನಲ್ಲಿ ಬಾಡಿಗೆಗೆ ಬಿಡೋ ಯೋಚನೆ ಇದ್ದರೆ ಬಿಡಿ, ಅದು ಆಗಲ್ಲ. ಲೈಸೆನ್ಸ್ ವಿಷಯಕ್ಕೆ ಬಂದ್ರೆ, ಒಟ್ಟು ತೂಕ 7,500 ಕೆಜಿ ಒಳಗಿನ ಗಾಡಿಗೆ ಎಲ್‌ಎಂವಿ ಸಾಕು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಸ್ಪಷ್ಟ ಮಾಡಿದೆ. ಟಿಟಿ ಇದರೊಳಗೆ ಬರುತ್ತೆ. ದೊಡ್ಡ ಸ್ಕೂಲ್ ಬಸ್ ಆದ್ರೆ ಆರ್‌ಸಿ ನೋಡಿ.

ತೂಕ, ಕರೆಂಟು

ಬಡಗಿಗಳು ಮನೆಗೆ ಮಾಡಿದ ಹಾಗೇ ಗಾಡಿಗೂ ಮಾಡ್ತಾರೆ. 18 ಎಂಎಂ ಪ್ಲೈವುಡ್ಡಿನ 8 ಅಡಿ, 4 ಅಡಿ ಹಾಳೆ ಒಂದೇ 30 ಕೆಜಿ ಆಸುಪಾಸು ತೂಗುತ್ತೆ. ನೂರು ಲೀಟರ್ ನೀರು ಅಂದ್ರೆ ನೂರು ಕೆಜಿ. ಗ್ರಾನೈಟ್ ಕಟ್ಟೆ ಹಾಕಿಸೋಕೆ ಹೋಗಬೇಡಿ ಮಾರಾಯ್ರೆ. ಅಡಿಕೆ ಲೋಡು ತೂಗಿಸೋ ವೇಬ್ರಿಡ್ಜ್‌ಗಳು ನಮ್ಮಲ್ಲಿ ಇದ್ದೇ ಇವೆ. ಕೆಲಸಕ್ಕೆ ಮುಂಚೆ ಒಂದು ಸಲ, ಮುಗಿದ ಮೇಲೆ ನೀರು ತುಂಬಿಸಿ, ಎಲ್ಲರನ್ನೂ ಹತ್ತಿಸಿ ಒಂದು ಸಲ ತೂಗಿಸಿ. ಆರ್‌ಸಿಯಲ್ಲಿರೋ ಒಟ್ಟು ತೂಕ ದಾಟಬಾರದು. ಒಂದೇ ಪಕ್ಕಕ್ಕೆ ಟ್ಯಾಂಕು, ಬ್ಯಾಟರಿ, ಫ್ರಿಜ್ಜು ಎಲ್ಲ ಕೂರಿಸಿದರೆ ಘಾಟಿ ತಿರುವಿನಲ್ಲಿ ಗೊತ್ತಾಗುತ್ತೆ.

ಮನೇಲಿರೋ 150 ಆಂಪಿಯರ್ ಅವರ್ ಬ್ಯಾಟರಿ ತಗೊಳ್ಳಿ. 12 ವೋಲ್ಟಿಗೆ ಗುಣಿಸಿದ್ರೆ 1,800 ವ್ಯಾಟ್ ಅವರ್. ಲೆಡ್ ಆಸಿಡ್ ಬ್ಯಾಟರಿ ಬಾಳಿಕೆ ಬರಬೇಕಂದ್ರೆ ಅರ್ಧ ಮಾತ್ರ ಬಳಸಬೇಕು, ಅಂದ್ರೆ 900. ಎರಡು ಡಿಸಿ ಫ್ಯಾನು, ನಾಕು ಎಲ್‌ಇಡಿ, ಮೊಬೈಲ್ ಚಾರ್ಜಿಂಗ್‌ಗೆ ಒಂದು ರಾತ್ರಿ ಆರಾಮಾಗಿ ಸಾಕು. ಎಸಿಗೆ ಒಂದು ಗಂಟೆನೂ ಸರಿಯಾಗಿ ಬರಲ್ಲ. ಮನೇಲಿ 500 ವ್ಯಾಟಿನ ಮಿಕ್ಸಿ 230 ವೋಲ್ಟಲ್ಲಿ ಎರಡು ಆಂಪಿಯರ್ ಚಿಲ್ಲರೆ ಎಳೆದರೆ, 12 ವೋಲ್ಟ್ ಬ್ಯಾಟರಿಯಿಂದ ಇನ್ವರ್ಟರ್‌ಗೆ ಬರುವಾಗ ಅದೇ 40 ಆಂಪಿಯರ್ ದಾಟುತ್ತೆ. ಮನೆ ವೈರಿಂಗ್ ಮಾಡೋರು ಇದನ್ನ ಮರೆತು ಸಣ್ಣ ವೈರ್ ಎಳೆದುಬಿಡ್ತಾರೆ. ವೈರ್ ಕಾದು ಪ್ಲೈವುಡ್ ಹಿಂದೆ ಹೊಗೆ ಶುರುವಾದ್ರೆ ಹೊರಗೆ ಕಾಣೋ ಹೊತ್ತಿಗೆ ತಡ ಆಗಿರುತ್ತೆ. ದಪ್ಪ ಕೇಬಲ್ ಹಾಕಿಸಿ, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇರಲಿ. ಎಮರ್ಜೆನ್ಸಿ ಬಾಗಿಲಿಗೆ ಅಡ್ಡ ಬೀರು ಕೂರಿಸಬೇಡಿ.

ವಡಕರದಲ್ಲಿ ಆಗಿದ್ದು

2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಂತಿದ್ದ ಕ್ಯಾರವಾನ್ ಒಂದರೊಳಗೆ ಇಬ್ಬರು ಸತ್ತು ಬಿದ್ದಿದ್ರು. ಗಾಡಿಗೆ ಡಿಕ್ಕಿ ಆಗಿರಲಿಲ್ಲ, ಬೆಂಕಿ ಬಿದ್ದಿರಲಿಲ್ಲ. ಎಸಿಗೆ ಅಂತ ಜನರೇಟರ್ ಓಡ್ತಿತ್ತು. ಕೋಯಿಕ್ಕೋಡ್ ಎನ್‌ಐಟಿ ತಜ್ಞರು ಅದೇ ಗಾಡಿಯಲ್ಲಿ ಜನರೇಟರ್ ಓಡಿಸಿ ಪರೀಕ್ಷೆ ಮಾಡಿದಾಗ, ಅದರ ಹೊಗೆಯಲ್ಲಿದ್ದ ಕಾರ್ಬನ್ ಮೊನಾಕ್ಸೈಡ್ ನೆಲದಲ್ಲಿದ್ದ ತೂತಿನಿಂದ ಒಳಗೆ ಬಂದಿದ್ದು ಗೊತ್ತಾಯ್ತು.

ಈ ಗ್ಯಾಸಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಸಿಲಿಂಡರ್ ಗ್ಯಾಸ್ ಲೀಕಾದ್ರೆ ಮೂಗಿಗೆ ಗೊತ್ತಾಗುತ್ತೆ, ಇದು ಗೊತ್ತಾಗಲ್ಲ. ರಕ್ತದಲ್ಲಿ ಆಮ್ಲಜನಕ ಇರಬೇಕಾದ ಜಾಗದಲ್ಲಿ ಇದು ಕೂತ್ಕೊಳ್ಳುತ್ತೆ. ಎಚ್ಚರ ಇದ್ದರೆ ತಲೆನೋವು, ತಲೆಸುತ್ತು, ವಾಂತಿ ಬಂದ ಹಾಗೆ ಆಗುತ್ತೆ. ಮಲಗಿದ್ದರೆ ಅದೂ ಗೊತ್ತಾಗೋದಿಲ್ಲ. ಸೀಟು ಕಿತ್ತ ಬೋಲ್ಟಿನ ತೂತು, ಪೈಪಿಗೆ ಕೊರೆದ ತೂತು, ತುಕ್ಕು ತಿಂದ ತಗಡು, ಹಳೇ ಬಸ್ಸಿನ ನೆಲದಲ್ಲಿ ಇವು ಎಷ್ಟೋ ಇರ್ತವೆ. ಮ್ಯಾಟ್ ಹಾಸಿದರೆ ಕಣ್ಣಿಗೆ ಮುಚ್ಚುತ್ತೆ ಅಷ್ಟೇ, ಗ್ಯಾಸಿಗೆ ಅಲ್ಲ. ಒಂದೊಂದನ್ನೂ ತಗಡು ಕೂರಿಸಿ ಸೀಲ್ ಮಾಡಿಸಿ.

ಗಾಡಿ ಕೆಳಗೆ, ಡಿಕ್ಕಿಯಲ್ಲಿ ಜನರೇಟರ್ ಇಟ್ಟು ಒಳಗೆ ಮಲಗಬೇಡಿ. ಓಡಿಸಲೇಬೇಕಂದ್ರೆ ಕೆಳಗಿಳಿಸಿ, ಕನಿಷ್ಠ 20 ಅಡಿ ದೂರ, ಹೊಗೆ ಆಚೆ ಮುಖ ಮಾಡಿ. ಇಂಜಿನ್ ಚಾಲೂ ಇಟ್ಟು ಎಸಿ ಹಾಕ್ಕೊಂಡು ಮಲಗೋದೂ ಇದೇ ಲೆಕ್ಕ. ಮಲೆನಾಡಿನ ಕಡೆ ಚಳಿಗೆ ಕೆಂಡದ ಒಲೆ ಒಳಗಿಟ್ಟು ಬಾಗಿಲು ಹಾಕೋರಿದ್ದಾರೆ, ಅದೂ ಇದೇ ವಿಷ. ಬ್ಯಾಟರಿಯಲ್ಲಿ ಓಡೋ ಕಾರ್ಬನ್ ಮೊನಾಕ್ಸೈಡ್ ಅಲಾರಂ ಆನ್‌ಲೈನಲ್ಲಿ ಸಿಗುತ್ತೆ. ಟಿವಿ, ಪರದೆಗಿಂತ ಮೊದಲು ತರಿಸಬೇಕಾದ್ದು ಅದು. ಅಡುಗೆಗೆ 5 ಕೆಜಿ ಚೋಟು ಸಿಲಿಂಡರ್ ಸಾಕು. ಒಲೆ ಹಚ್ಚುವಾಗ ಕಿಟಕಿ ತೆಗೆದಿರಲಿ, ಗಾಡಿ ಹೊರಡುವಾಗ ರೆಗ್ಯುಲೇಟರ್ ಬಂದ್ ಇರಲಿ.

ಗಾಡಿ ತಂದ ಮೇಲೆ

ಎರಡು ತಿಂಗಳಿಗೊಮ್ಮೆ ಹೊರಗೆ ತೆಗೆಯೋ ಗಾಡಿಗೆ ಓಡೋ ಗಾಡಿಗಿಂತ ಖರ್ಚು ಜಾಸ್ತಿ. ಬ್ಯಾಟರಿ ಇಳಿಯುತ್ತೆ, ಟೈರು ಒಂದೇ ಕಡೆ ಕೂರುತ್ತೆ, ಸೀಟಿನ ಕೆಳಗೆ ಇಲಿ ಗೂಡು ಕಟ್ಟಿ ವೈರ್ ಕಡಿಯುತ್ತೆ. ನಮ್ಮ ಮಳೆಗೆ ಮೇಲೊಂದು ಶೀಟು ಹಾಕಿದ ಜಾಗ ಬೇಕೇ ಬೇಕು. ಹದಿನೈದು ದಿನಕ್ಕೊಮ್ಮೆ ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ತರೋಕೆ ಆಗದವರು, ಯಾತ್ರೆಗೆ ಟಿಟಿ ಬಾಡಿಗೆಗೆ ಹಿಡಿಯೋದೇ ವಾಸಿ ಅಂತ ನನಗನ್ಸುತ್ತೆ. ಜಾತ್ರೆ ಅಂಗಡಿಯವರದು ಬೇರೆ, ಅವರ ಗಾಡಿ ವರ್ಷಪೂರ್ತಿ ಓಡ್ತಿರುತ್ತೆ, ಅವರಿಗೆ ಲೆಕ್ಕ ಕೂಡಿಬರಬಹುದು. ಆದರೆ ಕ್ಯಾಂಪರ್ ಅಂದ್ರೆ ಮಾಲು ಸಾಗಿಸೋ ಗಾಡಿ ಅಲ್ಲ. ಅಂಗಡಿ ಸಾಮಾನಿಗೆ ಬೇರೆ ಗಾಡಿಯೇ ಬೇಕು.

ರಾತ್ರಿ ಎಲ್ಲಿ ನಿಲ್ಲಿಸ್ತೀರಿ ಅನ್ನೋದನ್ನ ಹೊರಡೋ ಮುಂಚೆ ಗೊತ್ತು ಮಾಡ್ಕೊಳ್ಳಿ. ಪೆಟ್ರೋಲ್ ಬಂಕಿನವರನ್ನ, ಛತ್ರದವರನ್ನ ಕೇಳಿದ್ರೆ ಬೇಡ ಅನ್ನೋರು ಕಡಿಮೆ. ಉಬ್ರಾಣಿ, ಭದ್ರಾವತಿ ಕಾಡಂಚಿನಲ್ಲಿ ಆನೆ ಓಡಾಟ ಹೇಗಿದೆ ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಹೊರಗಿಂದ ಬರೋ ನೆಂಟರಿಗೆ ಹೇಳಿ. ಸೂಳೆಕೆರೆ ದಂಡೆ ಮೇಲೆ ನಿಲ್ಲಿಸಿದರೆ ಟಾಯ್ಲೆಟ್ ಡಬ್ಬ ಅಲ್ಲೇ ಖಾಲಿ ಮಾಡಬೇಡಿ, ಆ ನೀರು ಎಷ್ಟೋ ಊರಿನವರು ಕುಡಿಯೋದು. ಡಬ್ಬ ಇಪ್ಪತ್ತು ಲೀಟರ್ ಆಸುಪಾಸಿನದು, ನಾಕು ಜನರಿಗೆ ಎರಡು ದಿನಕ್ಕೆ ತುಂಬುತ್ತೆ. ಮನೆಗೆ ತಂದು ಸ್ವಂತ ಕಕ್ಕಸು ಗುಂಡಿಗೇ ಸುರೀರಿ.