ಆಕಾಶದಿಂದ ಬೆಟ್ಟದ ಎತ್ತರ

ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಬಾಗೂರು ಎಂಬ ಊರಿದೆ. ಗೊರೂರಿನ ಅಣೆಕಟ್ಟಿನಿಂದ ಹೊರಟ ಹೇಮಾವತಿಯ ನಾಲೆ ಬಾಗೂರು-ನವಿಲೆ ಸುರಂಗವನ್ನು ಹೊಕ್ಕು ತುಮಕೂರಿನ ಕಡೆಗೆ ಸಾಗುತ್ತದೆ. ಇಂತಹ ದೊಡ್ಡ ನಾಲೆಗಳ ಇಳುಕಲು ಸಾಮಾನ್ಯವಾಗಿ ಕಿಲೋಮೀಟರಿಗೆ ಕೆಲವು ಅಂಗುಲಗಳು ಮಾತ್ರ. ನೆಲದ ಎತ್ತರವನ್ನು ತಪ್ಪಾಗಿ ಅಳೆದರೆ, ನಕ್ಷೆಯಲ್ಲಿ ಹರಿದ ನೀರು ಹೊಲಕ್ಕೆ ಹರಿಯದು.

ಸುರಂಗವನ್ನು ಕೊರೆಯುವಾಗ ನೆಲದ ಮೇಲೆ ನಿಲ್ಲಿಸುವ ಮಟ್ಟದ ಯಂತ್ರಗಳೇ ಬೇಕು, ಅವಕ್ಕೆ ಬದಲಿಲ್ಲ. ಆದರೆ ನಾಲೆಗೆ ಯಾವ ದಾರಿ ಅನುಕೂಲ, ಯಾವ ಕೆರೆಗೆ ಎಲ್ಲಿಂದ ನೀರು ಬರುತ್ತದೆ, ಪ್ರವಾಹ ಬಂದರೆ ಯಾವ ಊರು ಮುಳುಗೀತು ಎಂಬುದನ್ನು ದೇಶದ ಉದ್ದಗಲಕ್ಕೂ ಮೊದಲೇ ತಿಳಿಯುವುದು ಹೇಗೆ? ಇದಕ್ಕಾಗಿಯೇ 2005ನೆಯ ಇಸವಿ ಮೇ 5ರಂದು ಭಾರತವು ಶ್ರೀಹರಿಕೋಟೆಯಿಂದ ಕಾರ್ಟೊಸ್ಯಾಟ್-1 ಎಂಬ ಉಪಗ್ರಹವನ್ನು ಹಾರಿಸಿತು. ಉಪಗ್ರಹ ಸಿದ್ಧವಾದುದು ಬೆಂಗಳೂರಿನಲ್ಲಿ. ಅದರ ಕ್ಯಾಮೆರಾಗಳು ಅಹಮದಾಬಾದಿನಲ್ಲಿ.

ಒಂದು ಬೆರಳನ್ನು ಮುಖದ ಮುಂದೆ ಹಿಡಿದು ಒಂದೊಂದೇ ಕಣ್ಣಿನಿಂದ ನೋಡಿದರೆ ಬೆರಳು ಅತ್ತಿತ್ತ ಜರುಗಿದಂತೆ ತೋರುವುದು. ಈ ಜರುಗಾಟದಿಂದಲೇ ನಮ್ಮ ಮೆದುಳು ದೂರವನ್ನು ಅಳೆಯುತ್ತದೆ. ಕಾರ್ಟೊಸ್ಯಾಟ್-1ಕ್ಕೂ ಎರಡು ಕಣ್ಣುಗಳು. ಒಂದು 26 ಡಿಗ್ರಿ ಮುಂದಕ್ಕೂ ಇನ್ನೊಂದು 5 ಡಿಗ್ರಿ ಹಿಂದಕ್ಕೂ ಓರೆಯಾಗಿದ್ದವು. 618 ಕಿಲೋಮೀಟರು ಎತ್ತರದಲ್ಲಿ ಸಾಗುತ್ತಾ ಮುಂದಿನ ಕಣ್ಣು ಕಂಡ ನೆಲವನ್ನು ಸುಮಾರು 52 ಸೆಕೆಂಡುಗಳ ತರುವಾಯ ಹಿಂದಿನ ಕಣ್ಣು ಕಾಣುತ್ತಿತ್ತು. ಅಷ್ಟರಲ್ಲಿ ಭೂಮಿಯು ಸುಮ್ಮನಿರುವುದಿಲ್ಲ. ನಮ್ಮ ಅಕ್ಷಾಂಶದ ನೆಲವು 23 ಕಿಲೋಮೀಟರಿಗೂ ಹೆಚ್ಚು ಪೂರ್ವಕ್ಕೆ ಸರಿದಿರುತ್ತದೆ. ಆದುದರಿಂದ ಎರಡು ಕಣ್ಣುಗಳೂ ಒಂದೇ ನೆಲವನ್ನು ಕಾಣುವಂತೆ ಉಪಗ್ರಹವನ್ನೇ ಮೆಲ್ಲಮೆಲ್ಲನೆ ತಿರುಗಿಸುತ್ತಿರಬೇಕಾಗಿತ್ತು.

ಈ ಕ್ಯಾಮೆರಾಗಳು ನಮ್ಮ ಮನೆಯ ಕ್ಯಾಮೆರಾಗಳಂತೆ ಇಡೀ ಚಿತ್ರವನ್ನು ಒಮ್ಮೆಗೇ ತೆಗೆಯುವುದಿಲ್ಲ. ಕನ್ನಡಿಗಳ ಹಿಂದೆ 12,000 ಬೆಳಕಿನ ಗ್ರಾಹಕಗಳು ಒಂದೇ ಸಾಲಿನಲ್ಲಿ ಕುಳಿತಿರುತ್ತವೆ. ಅವು ಒಂದು ಕ್ಷಣಕ್ಕೆ ನೆಲದ ಒಂದು ಗೆರೆಯನ್ನು ಮಾತ್ರ ನೋಡುತ್ತವೆ. ಉಪಗ್ರಹವು ಮುಂದುವರಿದಂತೆ, ಮಗ್ಗದಲ್ಲಿ ಎಳೆ ಎಳೆಯಾಗಿ ಬಟ್ಟೆ ಬೆಳೆಯುವಂತೆ, ಗೆರೆಗೆ ಗೆರೆ ಸೇರಿ ಚಿತ್ರವಾಗುತ್ತದೆ. ಒಂದು ಗೆರೆಗೆ ತಗಲುವ ಕಾಲ ಒಂದು ಸೆಕೆಂಡಿನ ಸುಮಾರು ಮೂರು ಸಾವಿರದ ಒಂದು ಪಾಲು. ತೊಡಕಿರುವುದೂ ಇಲ್ಲಿಯೇ: ಪ್ರತಿಯೊಂದು ಗೆರೆಯೂ ಬೇರೆ ಬೇರೆ ಸ್ಥಳದಿಂದ, ಬೇರೆ ಬೇರೆ ವಾಲಿಕೆಯಿಂದ ತೆಗೆದ ಪ್ರತ್ಯೇಕ ಚಿತ್ರ.

ಈಗ ಸ್ವಲ್ಪ ಲೆಕ್ಕ ಮಾಡೋಣ. ಬಾಗೂರಿನ ತಾಲ್ಲೂಕಿನಲ್ಲಿಯೇ ಇರುವ ಶ್ರವಣಬೆಳಗೊಳದ ದೊಡ್ಡಬೆಟ್ಟವು ಸುತ್ತಲ ಬಯಲಿಗಿಂತ ಸುಮಾರು 470 ಅಡಿ, ಎಂದರೆ 143 ಮೀಟರು ಎತ್ತರ. ಎರಡು ಚಿತ್ರಗಳಲ್ಲಿ ಅದರ ನೆತ್ತಿಯು ಎತ್ತರದ 0.62 ಪಾಲಿನಷ್ಟು ಜರುಗಿ ಕಾಣುತ್ತದೆ. ಇದು ಸುಮಾರು 89 ಮೀಟರು. ಚಿತ್ರದ ಒಂದು ಚುಕ್ಕೆ ನೆಲದ ಮೇಲೆ ಎರಡೂವರೆ ಮೀಟರಾದುದರಿಂದ, ಬೆಟ್ಟದ ಎತ್ತರವೆಲ್ಲ 35 ಚುಕ್ಕೆಗಳ ಜರುಗಾಟದಲ್ಲಿ ಅಡಗಿದೆ. 58 ಅಡಿಯ ಗೊಮ್ಮಟನ ಪಾಲಿಗೆ ಬರುವುದು ನಾಲ್ಕೇ ಚುಕ್ಕೆ! ಅಳತೆಯಲ್ಲಿ ಒಂದೇ ಒಂದು ಚುಕ್ಕೆ ತಪ್ಪಿದರೆ ಎತ್ತರದಲ್ಲಿ ನಾಲ್ಕು ಮೀಟರು ತಪ್ಪುವುದು. ಆ ಒಂದು ಚುಕ್ಕೆಯಾದರೋ, ಕೋನದ ಲೆಕ್ಕದಲ್ಲಿ ಒಂದು ಡಿಗ್ರಿಯ 3,600ರಲ್ಲಿ ಒಂದು ಪಾಲಿಗಿಂತಲೂ ಕಡಮೆ.

ಆದ್ದರಿಂದ ಕ್ಯಾಮೆರಾವನ್ನು ನಂಬುವ ಮೊದಲು ಅದನ್ನು ಪರೀಕ್ಷಿಸಬೇಕು. ಅಂಗಡಿಯ ತಕ್ಕಡಿಯನ್ನು ಮುದ್ರೆಯೊತ್ತಿದ ತೂಕದ ಕಲ್ಲಿನೊಡನೆ ತಾಳೆ ನೋಡುವಂತೆಯೇ ಇದು. ಮೊದಲ ತಾಳೆ ಪ್ರಯೋಗಶಾಲೆಯಲ್ಲಿ. ಎಲ್ಲೆಡೆಯೂ ಸಮನಾದ ಬೆಳಕನ್ನು ತೋರಿಸಿ 12,000 ಗ್ರಾಹಕಗಳೂ ಒಂದೇ ಉತ್ತರ ಕೊಡುವುವೇ ಎಂದು ನೋಡುತ್ತಾರೆ. ಕೊಡುವುದಿಲ್ಲ, ಪ್ರತಿಯೊಂದಕ್ಕೂ ಒಂದು ತಿದ್ದುಪಡಿ ಬೇಕು. ಇಲ್ಲವಾದರೆ ಚಿತ್ರದ ತುಂಬ ಪಟ್ಟೆಗಳು ಕಾಣುವುವು. ಬಳಿಕ ಸಮಾಂತರ ಕಿರಣಗಳನ್ನು ಹಾಯಿಸಿ ಪ್ರತಿಯೊಂದು ಗ್ರಾಹಕವೂ ಯಾವ ದಿಕ್ಕನ್ನು ನೋಡುತ್ತಿದೆ ಎಂಬುದನ್ನು ಅಳೆಯುತ್ತಾರೆ.

ಆದರೆ ರಾಕೆಟ್ಟಿನ ಅದುರಾಟ, ಅಂತರಿಕ್ಷದ ನಿರ್ವಾತ, ಬಿಸಿಲು ನೆರಳುಗಳ ವ್ಯತ್ಯಾಸ ಇವೆಲ್ಲ ಸೇರಿ ಯಂತ್ರದ ಕೋನಗಳನ್ನು ಕದಲಿಸದೆ ಬಿಡವು. ಹಾಗಾಗಿ ಎರಡನೆಯ ತಾಳೆಯನ್ನು ಕಕ್ಷೆಯಲ್ಲಿಯೇ ನೋಡಬೇಕು. ಇಲ್ಲಿ ಭೂಮಿಯೇ ತೂಕದ ಕಲ್ಲು. ಚಿತ್ರದಲ್ಲಿ ಸ್ಪಷ್ಟವಾಗಿ ಗುರುತಿಸಬಹುದಾದ ರಸ್ತೆಯ ಕೂಡುಗಳನ್ನೂ ಕಟ್ಟೆಯ ಮೂಲೆಗಳನ್ನೂ ಆರಿಸಿ, ಅಳತೆಗಾರರು ಅಲ್ಲಿಗೆ ಹೋಗಿ ಅವುಗಳ ಅಕ್ಷಾಂಶ, ರೇಖಾಂಶ, ಎತ್ತರಗಳನ್ನು ನಿಖರವಾಗಿ ಗೊತ್ತುಮಾಡುತ್ತಾರೆ. ಉಪಗ್ರಹ ಹೇಳಿದ ಸ್ಥಾನಕ್ಕೂ ನಿಜವಾದ ಸ್ಥಾನಕ್ಕೂ ಇರುವ ಅಂತರವೇ ದೋಷ.

ದೋಷವು ಎಷ್ಟೆಂದು ತಿಳಿದರೆ ಸಾಲದು, ಎಲ್ಲಿಯದೆಂದೂ ತಿಳಿಯಬೇಕು. ನಮ್ಮ ದೃಷ್ಟಿಯಲ್ಲಿ ಇಡೀ ಕೆಲಸದ ಸೊಗಸು ಇದೇ. ಎರಡು ಚಿತ್ರಗಳೂ ಒಂದೇ ಕಡೆಗೆ ಒಂದೇ ಅಳತೆಯಲ್ಲಿ ಸರಿದಿದ್ದರೆ, ನಕ್ಷತ್ರಗಳನ್ನು ನೋಡಿ ದಿಕ್ಕು ಹೇಳುವ ಉಪಕರಣಕ್ಕೂ ಕ್ಯಾಮೆರಾಗಳಿಗೂ ನಡುವಣ ಕೋನ ತಪ್ಪಿರಬೇಕು. ಒಂದು ಹೆಚ್ಚು, ಇನ್ನೊಂದು ಕಡಮೆ ಸರಿದಿದ್ದರೆ ಕ್ಯಾಮೆರಾಗಳ ನಡುವಣ ಕೋನವೇ ಬದಲಾಗಿದೆ. ಎತ್ತರವನ್ನು ಕೆಡಿಸುವುದು ಮುಖ್ಯವಾಗಿ ಇದು. ಗೆರೆಯ ಒಂದು ತುದಿಯಿಂದ ಇನ್ನೊಂದಕ್ಕೆ ದೋಷ ಬೆಳೆಯುತ್ತಾ ಹೋದರೆ ಕನ್ನಡಿಗಳನ್ನೋ ಗ್ರಾಹಕಗಳ ಸಾಲನ್ನೋ ಸಂಶಯಿಸಬೇಕು. ಕೆಲವು ದೋಷಗಳು ಒಂದರ ವೇಷವನ್ನು ಇನ್ನೊಂದು ಹಾಕುವುದೂ ಉಂಟು. ಗಡಿಯಾರವು ಒಂದು ಸೆಕೆಂಡಿನ ಸಾವಿರದ ಒಂದು ಪಾಲು ತಪ್ಪಿದರೆ ಚಿತ್ರವು ಸುಮಾರು 7 ಮೀಟರು ಮುಂದೆಯೋ ಹಿಂದೆಯೋ ಬೀಳುತ್ತದೆ. ಉಪಗ್ರಹವು ಕೂದಲೆಳೆಯಷ್ಟು ಮುಂದಕ್ಕೆ ವಾಲಿದರೂ ಹಾಗೆಯೇ. ಇವನ್ನು ಬೇರ್ಪಡಿಸಲು ಬೇರೆ ಬೇರೆ ದಿನ, ಬೇರೆ ಬೇರೆ ಸ್ಥಳಗಳಲ್ಲಿ ತೆಗೆದ ಅನೇಕ ಚಿತ್ರಗಳನ್ನು ಒಟ್ಟಿಗೆ ಲೆಕ್ಕಕ್ಕೆ ತರುತ್ತಾರೆ.

ಹೀಗೆ ತಿದ್ದಿದ ಚಿತ್ರಗಳಿಂದ ಕಾರ್ಟೊಡೆಮ್ ಎಂಬ, ಭಾರತದ ನೆಲದ ಎತ್ತರಗಳ ಪಟ್ಟಿ ಸಿದ್ಧವಾಯಿತು. ಎತ್ತರದ ತಪ್ಪು ಸಾಮಾನ್ಯವಾಗಿ 8 ಮೀಟರುಗಳನ್ನು ಮೀರದಿರಬೇಕೆಂಬುದು ಅದರ ಗುರಿಯಾಗಿತ್ತು. ನಾಲೆಯ ಇಳುಕಲನ್ನು ನಿಷ್ಕರ್ಷಿಸಲು ಇದು ಸಾಲದು. ದಾರಿಯನ್ನು ಆರಿಸಲು ಧಾರಾಳವಾಗಿ ಸಾಕು.

ಚಂದ್ರನ ಮೇಲೆ ರಸ್ತೆಯ ಕೂಡುಗಳಿಲ್ಲ. 2008ರ ಅಕ್ಟೋಬರ್ 22ರಂದು ಹೊರಟ ಚಂದ್ರಯಾನ-1ರಲ್ಲಿಯೂ ಇಂತಹುದೇ ಗೆರೆಗೆರೆಯ ನಕ್ಷಾ ಕ್ಯಾಮೆರಾ ಇದ್ದಿತು. ಅದು ಮುಂದಕ್ಕೆ, ಕೆಳಕ್ಕೆ, ಹಿಂದಕ್ಕೆ ಎಂದು ಮೂರು ಕಡೆ ನೋಡುತ್ತಿದ್ದುದರಿಂದ, ಎರಡು ನೋಟಗಳು ಹೇಳಿದ ಎತ್ತರವನ್ನು ಮೂರನೆಯದರಿಂದ ತಾಳೆ ನೋಡಬಹುದಾಗಿತ್ತು. ಆದರೆ 2009ರಲ್ಲಿ ಅದರ ನಕ್ಷತ್ರ ನೋಡುವ ಉಪಕರಣಗಳು ಕೆಟ್ಟುಹೋದವು. ಆ ಬಳಿಕ ನೌಕೆಯ ವಾಲಿಕೆಯನ್ನು ತಿಳಿಯಲು ಗೈರೊಸ್ಕೋಪುಗಳ ನೆರವಿನಿಂದಲೇ ಕೆಲಸ ಸಾಗಿಸಬೇಕಾಯಿತು.