ಹೊತ್ತಗೆಯ ಹೊಸ ರೂಪ

ಪುಸ್ತಕಪ್ರಿಯರು ಇ-ರೀಡರನ್ನು ಕೊಳ್ಳುವಾಗ ಮೊದಲು ನೋಡಬೇಕಾದುದು ಅದರ ಪರದೆಯನ್ನು. 2007ರಲ್ಲಿ ಬಂದ ಕಿಂಡಲ್ ಮೊದಲಾದವುಗಳಲ್ಲಿರುವುದು ಇ-ಇಂಕ್ ಪರದೆ. ವಿದ್ಯುದಾವೇಶವುಳ್ಳ ಕಪ್ಪು ಬಿಳುಪು ಕಣಗಳು ಅದರ ಸೂಕ್ಷ್ಮ ಕೋಶಗಳಲ್ಲಿ ಮೇಲೆ ಕೆಳಗೆ ಸರಿದು ಅಕ್ಷರಗಳಾಗುತ್ತವೆ. ಮೂಡಿದ ಅಕ್ಷರ ನಿಲ್ಲಲು ವಿದ್ಯುತ್ತು ಬೇಡ. ಬಿಸಿಲಿನಲ್ಲಿಯೂ ಕಾಗದದಂತೆ ಓದಬಹುದು.

ಕನ್ನಡಿಗನ ಕಷ್ಟ ಬೇರೆ. ನಮ್ಮ ಹಳೆಯ ಗ್ರಂಥಗಳಲ್ಲಿ ಹಲವು, ಪುಟಗಳ ಛಾಯಾಚಿತ್ರಗಳಾಗಿ ಪಿಡಿಎಫ್ ರೂಪದಲ್ಲಿ ದೊರೆಯುತ್ತವೆ. ಇಪಬ್ ಪುಸ್ತಕದಲ್ಲಿ ಅಕ್ಷರವನ್ನು ಹಿಗ್ಗಿಸಿದರೆ ಸಾಲುಗಳು ತಾವಾಗಿಯೇ ಹೊಂದಿಕೊಳ್ಳುತ್ತವೆ, ಛಾಯಾಚಿತ್ರದಲ್ಲಿ ಹಾಗಾಗದು. 6 ಅಂಗುಲದ ಪರದೆಯಲ್ಲಿ ಒತ್ತಕ್ಷರಗಳು ಸಾಸಿವೆಯಂತಾಗುತ್ತವೆ. ಅಗ್ಗವೆಂದು ಅಂತಹುದನ್ನೇ ಕೊಂಡ ನಾನು ಭೂತಗನ್ನಡಿ ಹಿಡಿದು ಓದಬೇಕಾಯಿತು! ಬೆಲೆ ಹೆಚ್ಚಾದರೂ ಈ ಬಗೆಯ ಓದಿಗೆ 10 ಅಂಗುಲದ ಪರದೆಯೇ ಲೇಸು. ಕೊಳ್ಳುವ ಮುನ್ನ ಕನ್ನಡದ ಇಪಬ್ ಪುಟವೊಂದನ್ನು ತೆರೆಸಿ, ‘ಸ್ತ್ರೀ’, ‘ರಾಷ್ಟ್ರ’ ಎಂಬ ಪದಗಳು ಒಡೆಯದೆ ಮೂಡುವುವೇ ಎಂದು ನೋಡಬೇಕು.